ಎಪ್ಪತ್ತೊಂದನೆಯ ಪುಟ

ಬೆಂಡಿಗೋ ಲೈಬ್ರರಿಯ ಮಕ್ಕಳ ವಿಭಾಗದಲ್ಲಿ
ವಾಪಸು ಬಂದ ಪುಸ್ತಕಗಳ ಬೆನ್ನು ತಡವುವುದು ನನ್ನ ಕೆಲಸ.
ಜಾಮ್ ಅಂಟಿದ್ದು, ನಾಯಿ ಕಚ್ಚಿದ್ದು,
ಸ್ನಾನದ ತೊಟ್ಟಿಗೆ ಬಿದ್ದು ಹಪ್ಪಳವಾದದ್ದು.
ಇದೊಂದು ಇನ್ನೂರ ಹನ್ನೆರಡು ದಿನ ತಡವಾಗಿ ಬಂತು.
ಇಬ್ಬರು ಎರಡು ಕಡೆ ಹಿಡಿದು ತಂದರು,
ತುಂಬಿದ ತಟ್ಟೆ ತರುವ ಹಾಗೆ.

ಚಿತ್ರಗಳಲ್ಲೇ ಕತೆ ಹೇಳುವ ದಪ್ಪ ಪುಸ್ತಕ.
ಅದರಲ್ಲೊಂದು ಮುದಿ ವೊಂಬ್ಯಾಟು,
ರಾತ್ರಿಯಿಡೀ ಬಿಲ ತೋಡುತ್ತ ತೋಡುತ್ತ
ಸತ್ತವರ ಊರಿಗೆ ಟಪಾಲು ಮುಟ್ಟಿಸಿ ಬರುತ್ತದೆ.
ಕೊರಳಲ್ಲಿ ಚೀಲ, ಕಿವಿಯ ಮೇಲೆ ಮಿಣುಕುಹುಳ.
ಕೊನೆಗೆ ಅದೂ ಸಾಯುತ್ತದೆ, ಎಪ್ಪತ್ತೊಂದನೆಯ ಪುಟದಲ್ಲಿ.
ಆ ಹಾಳೆಯೇ ಇರಲಿಲ್ಲ.

"ಜೋರಿ ಕಿತ್ತಿದ್ದು," ಅಂದಳು ಟ್ಯಾಮ್ಸಿನ್.
"ಅದು ಸಾಯಬಾರದು ಅಂತ. ಎಲ್ಲಿಟ್ಟ ಅಂತ ಹೇಳಲಿಲ್ಲ."
ಕಾರ್ಡು ಅವನದು. ಕಳೆದ ಬೇಸಿಗೆ, ಎಪ್ಪಲಾಕ್ ಕೆರೆ.
ಆಮೇಲೂ ನಮ್ಮ ಕಂಪ್ಯೂಟರ್, ಏನೂ ಅರಿಯದ್ದು,
ಅವನಿಗೆ ಆರು ಸಲ ನೆನಪೋಲೆ ಕಳಿಸಿತ್ತು.

ಪಾ ವಾ ಮಾತು ಕಡಿಮೆಯ ಹುಡುಗಿ.
ಅವರಪ್ಪ ಕೋಳಿ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ,
ಅಜ್ಜಿ ಗಡಿಯ ಕ್ಯಾಂಪಿನಲ್ಲೇ ಮಣ್ಣಾದವಳು.
ಜಾಕೆಟ್ಟಿನೊಳಗಿಂದ ಒಂದು ಹಾಳೆ ತೆಗೆದಳು:
ಪುಸ್ತಕದ ಅಳತೆಗೇ ಕತ್ತರಿಸಿದ್ದು, ಆರು ಚೌಕ, ಸ್ಕೇಲಿನ ಗೆರೆ.

ತಪ್ಪು ನನ್ನದೇ. ಜುಲೈನ ಒಂದು ಶನಿವಾರ
ಕತೆ ಮುಗಿದರೂ ಗಂಟೆ ಮುಗಿದಿರಲಿಲ್ಲ,
ನಮ್ಮ ಕಡೆಯ ಕಾಗೆಯ ಮಾತೆತ್ತಿದ್ದೆ.
ಹೊಳೆದಂಡೆಯಲ್ಲಿ ಅನ್ನದುಂಡೆ ಇಟ್ಟು ಹಿಂದೆ ಸರಿಯುತ್ತೇವೆ,
ಕಾಗೆ ಮುಟ್ಟಿದರೆ ಹೋದವರಿಗೆ ಸಮಾಧಾನ.
ಮುಟ್ಟದಿದ್ದರೆ? ಕೇಳಿದ್ದು ಟ್ಯಾಮ್ಸಿನ್.
ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಅಂತ.
ಅದೇನೆಂದು ಊಹಿಸಬೇಕು, ಮಾತು ಕೊಡಬೇಕು.
ನಮ್ಮಜ್ಜನ ಕಾಗೆ ಎರಡು ತಾಸು ಜಾಲಿಮರದಲ್ಲೇ ಕೂತಿತ್ತು.
ಚಿಕ್ಕಪ್ಪನ ಮದುವೆ ಮಾಡುತ್ತೇವೆ ಅಂದರು, ಕೂತೇ ಇತ್ತು.
ಇನ್ನು ಜಗಳ ಆಡುವುದಿಲ್ಲ ಅಂದರು, ಬಾಲ ತಿರುಗಿಸಿತು.
ಏಳು ವರ್ಷದ ನಾನು, "ನಿನ್ನ ನಶ್ಯದ ಡಬ್ಬಿ ಬಿಸಾಡಲ್ಲ ಅಜ್ಜಾ" ಅಂದೆ.
ಇಳಿದು ಬಂತು.

ಹಾಳೆಯ ಮೊದಲ ಚೌಕದಲ್ಲಿ ಹಿತ್ತಿಲು, ಬಟ್ಟೆ ಒಣಗಿಸುವ ಕಂಬ,
ಅಂಚು ಕತ್ತರಿಸಿ ವೆಜಿಮೈಟ್ ಸವರಿದ ಟೋಸ್ಟು.
ಎರಡರಲ್ಲಿ ಬೇಲಿಯ ಮೇಲೆ ಮ್ಯಾಗ್‌ಪೈ.
ಕಾಗೆ ಈ ಊರಲ್ಲೂ ಉಂಟು; ಆದರೆ ಇದು
ಮುಖ ಮರೆಯದ ಹಕ್ಕಿ.
ಮೂರು: ನಿನ್ನ ಸೈಕಲ್ ಯಾರಿಗೂ ಕೊಡಲ್ಲ.
ನಾಲ್ಕು: ಅಮ್ಮನ್ನ ನಗಿಸ್ತೀನಿ.
ಹಕ್ಕಿ ಬೇರೆಲ್ಲೋ ನೋಡುತ್ತಿದೆ,
ಆಗದ ಮಾತೆಂದು ಅದಕ್ಕೂ ಗೊತ್ತು.
ಐದರಲ್ಲಿ ಪಾ ವಾ ಒಬ್ಬಳೇ, ಬಾಯಿಂದ ಸಣ್ಣ ಗುಳ್ಳೆ:
ಲೈಬ್ರರಿ ಪುಸ್ತಕ ವಾಪಸ್ ಕೊಡ್ತೀವಿ.
ಆರರಲ್ಲಿ ತಟ್ಟೆ ಖಾಲಿ.
ನೆಲದ ಗೆರೆಯ ಕೆಳಗೆ, ಕಪ್ಪು ಕ್ರೇಯಾನಿನ ಆಳದಲ್ಲಿ,
ಮುದಿ ವೊಂಬ್ಯಾಟು ಟೋಸ್ಟು ಕಚ್ಚಿಕೊಂಡು
ಇಳಿಯುತ್ತಿದೆ.

"ಇದು ಬರೀ ಚಿತ್ರವೋ, ನಡೆದದ್ದೋ?"
ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.
"ಐದರ ತನಕ ನಡೆದದ್ದು," ಅಂದಳು ಪಾ ವಾ.

ಐದಕ್ಕೂ ಆರಕ್ಕೂ ನಡುವೆ
ಬೆರಳಗಲ ಬಿಳಿ.

ಹಾಳಾದ ಪುಸ್ತಕ ರದ್ದಿಗೆ ಹೋಗಬೇಕೆಂಬುದು ನಿಯಮ.
ಮೇಜಿನ ಖಾನೆ ಎಳೆದೆ. ನಶ್ಯದ ಡಬ್ಬಿಯಲ್ಲಿ ಈಗ ಗುಂಡುಪಿನ್ನು,
ಮುಚ್ಚಳ ತೆರೆದರೆ ಇನ್ನೂ ಸೀನು ಬರುತ್ತದೆ.
ಬೆನ್ನಿನ ಸೀಳಿಗೆ ಅಂಟು ಹಚ್ಚಿ ಹಾಳೆ ಕೂರಿಸಿದೆ.
ಬಾರ್‌ಕೋಡಿಗೆ ಕೆಂಪು ಬೆಳಕು ಹಿಡಿದೆ, ಕೀಂ ಅಂತು,
ಜೋರಿಯ ಹೆಸರಿನ ಕೆಳಗೆ ಇನ್ನು ಬಾಕಿ ಏನಿಲ್ಲ.
"ನನ್ನ ಕಾರ್ಡಲ್ಲಿ ಮತ್ತೆ ತಗೊಳ್ಳಬಹುದಾ?"
"ಒಣಗಲಿ. ಮಂಗಳವಾರ ಬಾ."

ಗಾಜಿನಾಚೆ ಇಬ್ಬರೂ ಸೈಕಲ್ ಬಿಡಿಸುತ್ತಿದ್ದರು.
ಸೆಪ್ಟೆಂಬರ್, ಮ್ಯಾಗ್‌ಪೈ ನೆತ್ತಿಗೆರಗುವ ತಿಂಗಳು,
ಊರ ಮಕ್ಕಳೆಲ್ಲ ಹೆಲ್ಮೆಟ್ಟಿಗೆ
ಪ್ಲಾಸ್ಟಿಕ್ ಮುಳ್ಳು ಸಿಕ್ಕಿಸಿ ಓಡಾಡುತ್ತಾರೆ.
ಟ್ಯಾಮ್ಸಿನ್ ತನ್ನವನ್ನೆಲ್ಲ ಕಿತ್ತು ಹಾಕಿದ್ದಳು.